ಕೆಂಪು ರಕ್ತಕಣದ ಪೊರೆ ಮತ್ತು ಮೂತ್ರಪಿಂಡದ ಕಾಯಿಲೆ



ಮೂತ್ರಪಿಂಡದ ಕಾಯಿಲೆ ಎಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ಕಾಲು ಮತ್ತು ಮುಖದ ಬಾವು, ಏರಿದ ರಕ್ತದೊತ್ತಡ, ಕೊನೆಗೆ ಡಯಾಲಿಸಿಸ್ ಯಂತ್ರ. ಆದರೆ ರೋಗಿಯನ್ನು ದಿನನಿತ್ಯ ಬಿಡದೆ ಕಾಡುವುದು ಆಯಾಸ. ಒಂದು ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು, ನಾಲ್ಕು ಹೆಜ್ಜೆ ನಡೆದರೆ ಎದೆ ಬಡಿತ, ಮಧ್ಯಾಹ್ನದ ಹೊತ್ತಿಗೆ ಕೂರಲೂ ಆಗದಷ್ಟು ದಣಿವು. ಇದರ ಹಿಂದಿರುವ ಮುಖ್ಯ ಕಾರಣ ರಕ್ತಹೀನತೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರಪಿಂಡದ ರೋಗವನ್ನು ವಿವರವಾಗಿ ವರ್ಣಿಸಿದರು. 1836ರಲ್ಲಿ ಅದೇ ರೋಗವನ್ನು ಕುರಿತು ಮತ್ತೆ ಬರೆದಾಗ, ರೋಗಿಯ ಮುಖದ ಸಹಜ ಕಾಂತಿ ಕ್ರಮೇಣ ಮಾಸಿಹೋಗುವುದನ್ನು ಅವರು ತಪ್ಪದೆ ಗುರುತಿಸಿದ್ದರು. ಕಾಂತಿ ಏಕೆ ಮಾಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮಾತ್ರ ಒಂದೂವರೆ ಶತಮಾನ ಬೇಕಾಯಿತು. ಅದೂ ಒಂದೇ ಉತ್ತರವಾಗಿರಲಿಲ್ಲ.

ಮೊದಲನೆಯ ಉತ್ತರ ಈಗ ಬಹಳ ಮಂದಿಗೆ ತಿಳಿದಿದೆ. ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳು ಹುಟ್ಟಬೇಕಾದರೆ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು ಬೇಕು. ವಯಸ್ಕರಲ್ಲಿ ಅದನ್ನು ಮುಖ್ಯವಾಗಿ ಉತ್ಪಾದಿಸುವುದು ಮೂತ್ರಪಿಂಡ. ಮೂತ್ರಪಿಂಡ ಕೆಟ್ಟರೆ ಹಾರ್ಮೋನು ಕಡಿಮೆಯಾಗುತ್ತದೆ, ಮಜ್ಜೆ ಮಂದವಾಗುತ್ತದೆ. 1977ರಲ್ಲಿ ಅಮೆರಿಕದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ಟಕಾಜಿ ಮಿಯಾಕೆ ಮೊದಲಾದವರು ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಕೆಲವೇ ಮಿಲಿಗ್ರಾಮಿನಷ್ಟು ಶುದ್ಧ ಹಾರ್ಮೋನನ್ನು ಬೇರ್ಪಡಿಸಿದರು. ಆ ಸಾಹಸದಿಂದಲೇ ಅದರ ವಂಶವಾಹಿಯನ್ನು ಗುರುತಿಸುವುದು ಸಾಧ್ಯವಾಯಿತು, 1989ರಲ್ಲಿ ಚುಚ್ಚುಮದ್ದು ಅಮೆರಿಕದಲ್ಲಿ ಬಳಕೆಗೆ ಬಂದಿತು. ಅಲ್ಲಿಯವರೆಗೆ ಮತ್ತೆ ಮತ್ತೆ ರಕ್ತ ಏರಿಸಿಕೊಳ್ಳುತ್ತಿದ್ದ ಸಾವಿರಾರು ಡಯಾಲಿಸಿಸ್ ರೋಗಿಗಳ ಬಾಳು ಅದರಿಂದ ಬದಲಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹುಟ್ಟು ಕಡಿಮೆಯಾದುದು ಅರ್ಧ ಕಥೆ ಮಾತ್ರ. ಸಾವು ಬೇಗ ಬರುವುದು ಇನ್ನರ್ಧ. ಆರೋಗ್ಯವಂತ ವ್ಯಕ್ತಿಯಲ್ಲಿ ಒಂದು ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ತೀವ್ರ ಮೂತ್ರಪಿಂಡ ವೈಫಲ್ಯದಲ್ಲಿ ಈ ಆಯುಸ್ಸು ಅನೇಕ ವೇಳೆ 60ರಿಂದ 90 ದಿನಗಳಿಗೆ ಇಳಿಯುತ್ತದೆ. ಇದರ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ ಹುಟ್ಟುವ ಕಣಗಳ ಸಂಖ್ಯೆ ಬದಲಾಗದೆ, ಪ್ರತಿ ಕಣದ ಆಯುಸ್ಸು ಮಾತ್ರ 120ರಿಂದ 80 ದಿನಕ್ಕಿಳಿದರೆ, ರಕ್ತದಲ್ಲಿ ಯಾವುದೇ ಕ್ಷಣದಲ್ಲಿರುವ ಕಣಗಳ ಸಂಖ್ಯೆ ಮೂರರಲ್ಲಿ ಎರಡು ಪಾಲಾಗುತ್ತದೆ. 15 ಗ್ರಾಂ ಇದ್ದ ಹಿಮೋಗ್ಲೋಬಿನ್ 10 ಗ್ರಾಮಿಗೆ ಬರುತ್ತದೆ. ಆರೋಗ್ಯವಂತನ ಮಜ್ಜೆಗೆ ಇಂಥ ನಷ್ಟ ದೊಡ್ಡದಲ್ಲ, ಅದು ತನ್ನ ಉತ್ಪಾದನೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳಬಲ್ಲದು. ಹಾರ್ಮೋನಿನ ಕೊರತೆಯಿರುವ ಮೂತ್ರಪಿಂಡ ರೋಗಿಯ ಮಜ್ಜೆಗೆ ಅದು ಸಾಧ್ಯವಿಲ್ಲ. ಆದಾಯ ಕುಗ್ಗಿದ ಮನೆಯಲ್ಲಿ ಖರ್ಚೂ ಹೆಚ್ಚಿದಂತೆ.

ಕಣಗಳು ಬೇಗ ಸಾಯುವುದು ಅವು ಹುಟ್ಟಿನಿಂದಲೇ ದುರ್ಬಲವಾಗಿರುವುದರಿಂದಲೋ, ಅವು ತೇಲಾಡುವ ರಕ್ತದ್ರವ ಕೆಟ್ಟಿರುವುದರಿಂದಲೋ? 1950ರ ದಶಕದಲ್ಲಿ ನಡೆದ ಪ್ರಯೋಗಗಳು ಇದಕ್ಕೆ ಬಹು ಸೊಗಸಾದ ಉತ್ತರ ನೀಡಿದವು. ವಿಕಿರಣಶೀಲ ಗುರುತು ಹಾಕಿದ ಕಣಗಳನ್ನು ಅದಲುಬದಲು ಮಾಡಿ ನೋಡಲಾಯಿತು. ಆರೋಗ್ಯವಂತನ ಕಣಗಳನ್ನು ಮೂತ್ರಪಿಂಡ ರೋಗಿಯ ದೇಹಕ್ಕೆ ಸೇರಿಸಿದಾಗ ಅವು ಅಲ್ಪಾಯುಗಳಾದವು. ರೋಗಿಯ ಕಣಗಳು ಆರೋಗ್ಯವಂತನ ದೇಹ ಸೇರಿದಾಗ ಹೆಚ್ಚುಕಡಿಮೆ ಪೂರ್ಣ ಆಯುಸ್ಸು ಬಾಳಿದವು. ದೋಷವಿರುವುದು ಕಣದಲ್ಲಲ್ಲ, ಅದರ ಪರಿಸರದಲ್ಲಿ ಎಂಬುದು ಹೀಗೆ ಸ್ಪಷ್ಟವಾಯಿತು. ಆ ಪರಿಸರ ಕಣವನ್ನು ಎಲ್ಲಿ ಮುಟ್ಟುತ್ತದೆ? ಅದರ ಪೊರೆಯಲ್ಲಿ.

ಕೆಂಪು ಕಣದ ಪೊರೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಜೀವಕೋಶಗಳ ಪೊರೆಯೆಂದರೇನೆಂಬುದನ್ನು ವಿಜ್ಞಾನ ಮೊದಲು ಅರಿತದ್ದು ಇದೇ ಕಣದಿಂದ. 1925ರಲ್ಲಿ ಹಾಲೆಂಡಿನ ಲೈಡನ್ ನಗರದ ಮಕ್ಕಳ ವೈದ್ಯ ಎವರ್ಟ್ ಗಾರ್ಟರ್ ಮತ್ತು ಅವರ ಸಹಾಯಕ ಫ್ರಾನ್ಸ್ವಾ ಗ್ರೆಂಡೆಲ್ ಕೆಂಪು ಕಣಗಳಿಂದ ಲಿಪಿಡ್ಡುಗಳನ್ನು, ಅಂದರೆ ಕೊಬ್ಬಿನ ಜಾತಿಯ ಪದಾರ್ಥಗಳನ್ನು, ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಪದರವಾಗಿ ಹರಡಿದರು. ಆ ಪದರದ ವಿಸ್ತಾರ ಕಣಗಳ ಹೊರಮೈ ವಿಸ್ತಾರದ ಎರಡರಷ್ಟಿತ್ತು. ಆದುದರಿಂದ ಪೊರೆಯಲ್ಲಿ ಲಿಪಿಡ್ಡಿನ ಎರಡು ಪದರಗಳಿವೆ ಎಂದು ಅವರು ತೀರ್ಮಾನಿಸಿದರು. ಅವರು ಬಳಸಿದ ಅಸಿಟೋನ್ ಲಿಪಿಡ್ಡನ್ನು ಪೂರ್ತಿಯಾಗಿ ಹೊರತೆಗೆದಿರಲಿಲ್ಲ, ಒಣಗಿದ ಕಣಗಳನ್ನು ಅಳೆದದ್ದರಿಂದ ಹೊರಮೈಯ ಲೆಕ್ಕವೂ ಕಡಿಮೆಯಾಗಿತ್ತು ಎಂಬುದು ಅನಂತರ ಗೊತ್ತಾಯಿತು. ಎರಡು ತಪ್ಪುಗಳು ಒಂದನ್ನೊಂದು ಕಳೆದು ಸರಿಯುತ್ತರ ಉಳಿದ ಅಪರೂಪದ ಪ್ರಸಂಗವಿದು.

ಈ ಎರಡು ಪದರಗಳ ಒಟ್ಟು ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲು. ಪ್ರತಿಯೊಂದು ಲಿಪಿಡ್ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರಿನಿಂದ ದೂರ ಸರಿಯುವ ಎರಡು ಬಾಲ. ತಲೆಗಳು ಹೊರಗೂ ಒಳಗೂ ಮುಖ ಮಾಡಿದರೆ, ಬಾಲಗಳು ನಡುವೆ ಪರಸ್ಪರ ಎದುರಾಗಿ ನಿಲ್ಲುತ್ತವೆ. ಎರಡು ಪದರಗಳೂ ಒಂದೇ ಬಗೆಯವಲ್ಲ. ಹೊರ ಪದರದಲ್ಲಿ ಫಾಸ್ಫಟೈಡಿಲ್ ಕೊಲೀನ್ ಮತ್ತು ಸ್ಫಿಂಗೊಮಯಲಿನ್ ಹೆಚ್ಚು. ಒಳ ಪದರದಲ್ಲಿ ಫಾಸ್ಫಟೈಡಿಲ್ ಎಥನಾಲಮೈನ್ ಹೆಚ್ಚು, ಫಾಸ್ಫಟೈಡಿಲ್ ಸೆರೀನ್ ಅಂತೂ ಬಹುತೇಕ ಪೂರ್ತಿಯಾಗಿ ಅಲ್ಲಿಯೇ ಇರುತ್ತದೆ. ಹೆಸರುಗಳು ನಾಲಿಗೆಗೆ ಕಠಿಣ. ಕೊನೆಯ ಎರಡನ್ನು ಎಥನಾಲಮೈನ್ ಲಿಪಿಡ್, ಸೆರೀನ್ ಲಿಪಿಡ್ ಎಂದು ಕರೆದರೆ ಇಲ್ಲಿಗೆ ಸಾಕು. ಇವೆರಡರ ತಲೆಯಲ್ಲೂ ಅಮೈನೋ ಗುಂಪು ಎಂಬ ರಾಸಾಯನಿಕ ಕೊಕ್ಕೆಯೊಂದಿದೆ. ಸೆರೀನ್ ಲಿಪಿಡ್ಡು ಹೊರಗೆ ಜಾರಿದರೆ ಅದನ್ನು ಮತ್ತೆ ಒಳಕ್ಕೆ ಎಳೆದುಹಾಕಲು ಪೊರೆಯಲ್ಲಿಯೇ ಒಂದು ಪ್ರೋಟೀನ್ ಯಂತ್ರವಿದ್ದು, ಅದು ಸದಾ ಶಕ್ತಿ ವ್ಯಯಿಸಿ ದುಡಿಯುತ್ತಿರುತ್ತದೆ.

ಈ ಕಣಕ್ಕೆ ಒಂದು ದೊಡ್ಡ ಕೊರತೆಯೂ ಇದೆ. ಅದಕ್ಕೆ ಕೋಶಕೇಂದ್ರವಿಲ್ಲ. ಕೆಟ್ಟ ಪ್ರೋಟೀನನ್ನು ಹೊಸದಾಗಿ ತಯಾರಿಸಿಕೊಳ್ಳಲಾರದು, ಹೊಸ ಲಿಪಿಡ್ಡನ್ನು ಮೂಲದಿಂದ ಕಟ್ಟಲಾರದು. ರಕ್ತದ್ರವದೊಡನೆ ಅಲ್ಪಸ್ವಲ್ಪ ವಿನಿಮಯ ಮಾಡಿಕೊಳ್ಳಬಲ್ಲದಷ್ಟೆ. ಹುಟ್ಟುವಾಗ ಉಟ್ಟ ಬಟ್ಟೆಯಲ್ಲಿಯೇ ನಾಲ್ಕು ತಿಂಗಳು ಕಳೆಯಬೇಕು. ಅದರ ವ್ಯಾಸ ಏಳೆಂಟು ಮೈಕ್ರಾನ್. ಹಾದುಹೋಗಬೇಕಾದ ಲೋಮನಾಳಗಳು ಅನೇಕ ಕಡೆ ಅದಕ್ಕಿಂತ ಕಿರಿದು, ಗುಲ್ಮದೊಳಗಿನ ಸೀಳುಗಂಡಿಗಳಂತೂ ಸುಮಾರು ಒಂದು ಮೈಕ್ರಾನ್ ಅಗಲ. ಪೊರೆ ಮೃದುವಾಗಿದ್ದರೆ ಮಾತ್ರ ಕಣ ಬಾಗಿ, ಸುರುಳಿಯಾಗಿ, ಆ ಗಂಡಿಗಳಲ್ಲಿ ನುಸುಳಿ ಹೊರಬರಬಲ್ಲದು. ಗಡುಸಾದ ಕಣ ಅಲ್ಲಿಯೇ ಸಿಕ್ಕಿಬೀಳುತ್ತದೆ, ಅಲ್ಲಿಯೇ ಅದರ ಕಥೆ ಮುಗಿಯುತ್ತದೆ.

ಮೂತ್ರಪಿಂಡ ವಿಫಲವಾದಾಗ ಈ ಲಿಪಿಡ್ಡುಗಳಿಗೆ ಒದಗುವ ರಾಸಾಯನಿಕ ಮಾರ್ಪಾಡುಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಉತ್ಕರ್ಷಣ. ಕುಸುಬೆ ಎಣ್ಣೆ ಬಳಸುವ ಮನೆಗಳಲ್ಲಿ, ತೆರೆದಿಟ್ಟ ಹಳೆಯ ಎಣ್ಣೆ ಕಮಟು ವಾಸನೆ ಹೊಡೆಯುವುದು ಎಲ್ಲರಿಗೂ ತಿಳಿದದ್ದೇ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಹಾಗೆ ಕೆಡುವುದಿಲ್ಲ. ಕುಸುಬೆ ಎಣ್ಣೆಯಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಾಗಿರುವುದೂ ಗಾಳಿಯ ಆಮ್ಲಜನಕ ಅವುಗಳ ಮೇಲೆ ಸುಲಭವಾಗಿ ಎರಗುವುದೂ ಇದಕ್ಕೆ ಕಾರಣ. ಕೆಂಪು ಕಣದ ಪೊರೆಯ ಲಿಪಿಡ್ ಬಾಲಗಳಲ್ಲೂ ಅಂಥ ಆಮ್ಲಗಳು ಹೇರಳವಾಗಿವೆ. ಅದರ ಮೇಲೆ, ಕಣದ ಒಳಗೆ ಆಮ್ಲಜನಕವೂ ಇದೆ, ಕಬ್ಬಿಣವೂ ಇದೆ. ಒಂದು ಬಾಲ ಉತ್ಕರ್ಷಣಗೊಂಡರೆ ಅದು ನೆರೆಯ ಬಾಲವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಬೆಂಕಿ ಸೋಗೆಯಿಂದ ಸೋಗೆಗೆ ಹಬ್ಬಿದಂತೆ. ಇದನ್ನು ತಡೆಯಲು ಪೊರೆಯೊಳಗೆ ವಿಟಮಿನ್ ಇ, ಕಣದೊಳಗೆ ಗ್ಲುಟಥಯೋನ್ ಮತ್ತು ಕೆಲವು ಕಿಣ್ವಗಳು ಕಾವಲಿರುತ್ತವೆ. ಒಮ್ಮೆ ಬಳಕೆಯಾದ ವಿಟಮಿನ್ ಇ ಯನ್ನು ಮತ್ತೆ ಸಜ್ಜುಗೊಳಿಸುವ ಕೆಲಸದಲ್ಲಿ ವಿಟಮಿನ್ ಸಿ ನೆರವಾಗುತ್ತದೆ.

ಮೂತ್ರಪಿಂಡ ರೋಗಿಯಲ್ಲಿ ಈ ಕಾವಲು ಸಡಿಲವಾಗುತ್ತದೆ. ವಿಸರ್ಜನೆಯಾಗದೆ ಉಳಿದ ವಿಷಗಳು ಒಂದು ಕಡೆ. ಡಯಾಲಿಸಿಸ್ ಯಂತ್ರದ ಕೃತಕ ಪೊರೆಯನ್ನು ಸೋಕಿ ಕೆರಳಿದ ಬಿಳಿ ರಕ್ತಕಣಗಳು ಹೊರಸೂಸುವ ಉಗ್ರ ಆಮ್ಲಜನಕ ಇನ್ನೊಂದು ಕಡೆ. ನೀರಿನಲ್ಲಿ ಕರಗುವ ವಿಟಮಿನ್ ಸಿ ಡಯಾಲಿಸಿಸ್ ವೇಳೆ ಕಶ್ಮಲದ ಜೊತೆಗೇ ಹೊರಟುಹೋಗುತ್ತದೆ. ಉತ್ಕರ್ಷಣದ ಕೊನೆಯಲ್ಲಿ ಹುಟ್ಟುವ ಮೆಲೋನ್‌ಡೈಆಲ್ಡಿಹೈಡ್ ಎಂಬ ಪದಾರ್ಥ ಇಂಥ ರೋಗಿಗಳ ಕಣಗಳಲ್ಲಿಯೂ ರಕ್ತದ್ರವದಲ್ಲಿಯೂ ಹೆಚ್ಚಾಗಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಈ ಪದಾರ್ಥದ ಎರಡು ತುದಿಗಳೂ ಅಮೈನೋ ಗುಂಪುಗಳಿಗೆ ಅಂಟಿಕೊಳ್ಳಬಲ್ಲವು. ಹೀಗಾಗಿ ಎಥನಾಲಮೈನ್ ಲಿಪಿಡ್ಡುಗಳೂ ಪಕ್ಕದ ಪ್ರೋಟೀನುಗಳೂ ಒಂದಕ್ಕೊಂದು ಹೆಣೆದುಕೊಂಡು, ಮೆತ್ತಗಿರಬೇಕಾದ ಪೊರೆ ಬಿಗಿಯಾಗುತ್ತದೆ.

ಎರಡನೆಯ ಮಾರ್ಪಾಡಿನ ಮೂಲ ಸ್ವತಃ ಯೂರಿಯ. ರಸಾಯನ ವಿಜ್ಞಾನದ ಚರಿತ್ರೆಯಲ್ಲಿ 1828 ಒಂದು ಪ್ರಸಿದ್ಧ ವರ್ಷ. ಜರ್ಮನಿಯ ಫ್ರೀಡ್ರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯವನ್ನು ತಯಾರಿಸಿದ್ದು ಆಗ. ಆ ಕ್ರಿಯೆ ಹಿಂದಕ್ಕೂ ನಡೆಯುತ್ತದೆ ಎಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ರಕ್ತದಲ್ಲಿರುವ ಯೂರಿಯದ ಅತ್ಯಲ್ಪ ಅಂಶ ಸದಾ ಸಯನೇಟ್ ಆಗಿ ಒಡೆಯುತ್ತಿರುತ್ತದೆ. ಯೂರಿಯ ಹಲವು ಪಟ್ಟು ಏರಿದ ರೋಗಿಯಲ್ಲಿ ಸಯನೇಟೂ ಏರುತ್ತದೆ. ಅದು ಅಮೈನೋ ಗುಂಪು ಕಂಡಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಈ ಕ್ರಿಯೆಗೆ ಕಾರ್ಬಮೈಲೀಕರಣ ಎಂದು ಹೆಸರು. ಹಿಮೋಗ್ಲೋಬಿನ್ ಇದಕ್ಕೆ ಒಳಗಾಗುವುದು ಬಹುಕಾಲದಿಂದ ತಿಳಿದ ವಿಷಯ. ಎಥನಾಲಮೈನ್ ಲಿಪಿಡ್ಡಿನ ತಲೆಯಲ್ಲಿಯೂ ಅದೇ ಕೊಕ್ಕೆ ಇರುವುದರಿಂದ ಸಯನೇಟ್ ಅದರೊಡನೆಯೂ ಕೂಡಬಲ್ಲದು. ಕೂಡಿದರೆ ಆ ತಲೆಯ ಧನ ವಿದ್ಯುದಂಶ ಅಳಿಯುತ್ತದೆ.

ಸಕ್ಕರೆಯೂ ಇದೇ ಕೊಕ್ಕೆಗೆ ಗಂಟುಬೀಳುತ್ತದೆ. ಸಕ್ಕರೆಯ ಮತ್ತು ಉತ್ಕರ್ಷಣಗೊಂಡ ಕೊಬ್ಬಿನ ಚೂರುಗಳಾದ ಕೆಲವು ಕಾರ್ಬೊನಿಲ್ ಪದಾರ್ಥಗಳು ಮೂತ್ರಪಿಂಡ ವೈಫಲ್ಯದಲ್ಲಿ, ಮಧುಮೇಹ ಇಲ್ಲದವರಲ್ಲಿ ಕೂಡ, ಶೇಖರವಾಗುತ್ತವೆ. ಅವು ಎಥನಾಲಮೈನ್ ಲಿಪಿಡ್ಡಿನೊಡನೆ ಸೇರಿ ಉಂಟಾಗುವ ಕಾರ್ಬಾಕ್ಸಿಮಿಥೈಲ್ ಎಥನಾಲಮೈನ್ ಎಂಬ ಗುರುತನ್ನು ಮಾನವನ ಕೆಂಪು ಕಣದ ಪೊರೆಯಲ್ಲಿ ಪತ್ತೆಹಚ್ಚಿದ ವರದಿ 1997ರಲ್ಲಿ ಪ್ರಕಟವಾಯಿತು.

ಈ ಎಲ್ಲದರ ನಡುವೆ ರೋಗಿಯ ದೃಷ್ಟಿಯಿಂದ ಅತಿ ಮುಖ್ಯವಾದುದು ಸೆರೀನ್ ಲಿಪಿಡ್ಡಿನ ಸ್ಥಾನಪಲ್ಲಟ. ಒಳಗೆ ಅಡಗಿರಬೇಕಾದ ಇದು ಹೊರ ಪದರಕ್ಕೆ ಬಂದರೆ, ಭಕ್ಷಕ ಕೋಶಗಳಿಗೆ ಅದು ‘ಈ ಕಣದ ಕಾಲ ಮುಗಿದಿದೆ’ ಎಂಬ ಚೀಟಿ. ಸಹಜವಾಗಿ ಮುದಿಯಾದ ಕಣಗಳಿಗೆ ಈ ಚೀಟಿ ಬೀಳುವುದು ಸರಿಯೆ. ಇಟಲಿಯ ವೈದ್ಯವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲಿಕ ಮೂತ್ರಪಿಂಡ ವೈಫಲ್ಯದ ರೋಗಿಗಳಲ್ಲಿ ಸೆರೀನ್ ಲಿಪಿಡ್ಡನ್ನು ಹೊರಗೆ ತೋರುವ ಕಣಗಳು ಆರೋಗ್ಯವಂತರಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡವು. ಆರೋಗ್ಯವಂತರ ಕಣಗಳನ್ನು ರೋಗಿಯ ರಕ್ತದ್ರವದಲ್ಲಿಟ್ಟಾಗ ಅವುಗಳಲ್ಲಿಯೂ ಇದೇ ಬದಲಾವಣೆ ತಲೆದೋರಿತು. ನಾಲ್ಕು ದಶಕಗಳ ಹಿಂದೆ ಕಣಗಳನ್ನು ಅದಲುಬದಲು ಮಾಡಿದವರು ಕಂಡ ಸತ್ಯ ಹೀಗೆ ಅಣುವಿನ ಮಟ್ಟದಲ್ಲಿ ಮತ್ತೆ ಕಂಡಿತು. ತೊಂದರೆ ಕಣದ ಸಾವಿಗೇ ಮುಗಿಯುವುದಿಲ್ಲ. ಹೊರಬಂದ ಸೆರೀನ್ ಲಿಪಿಡ್ಡು ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಗೆ ಕೂರುವ ಜಾಗವಾಗುತ್ತದೆ, ಕಣ ರಕ್ತನಾಳದ ಒಳಗೋಡೆಗೆ ಅಂಟುವಂತೆಯೂ ಮಾಡುತ್ತದೆ. ಮೂತ್ರಪಿಂಡ ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆ ಹೆಚ್ಚಾಗಿರುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದಿರಬಹುದೆಂದು ತಜ್ಞರು ಭಾವಿಸುತ್ತಾರೆ.

ಪ್ರಯೋಗಶಾಲೆಯ ಈ ವಿವರಗಳಿಂದ ರೋಗಿಗೆ ಆಗಬೇಕಾದ್ದೇನು ಎಂದು ಕೇಳುವುದು ನ್ಯಾಯವೇ. ಪರಿಸರ ಕೆಟ್ಟಿದ್ದರೆ ಕಣ ಕೆಡುತ್ತದೆ ಎಂದಾದ ಮೇಲೆ, ಪರಿಸರವನ್ನು ಶುದ್ಧವಾಗಿಡುವುದೇ ಮೊದಲ ಚಿಕಿತ್ಸೆ. ವಾರಕ್ಕೆ ಮೂರು ಬಾರಿ, ನಾಲ್ಕು ಗಂಟೆ ಎಂದು ವೈದ್ಯರು ವಿಧಿಸಿದ ಡಯಾಲಿಸಿಸನ್ನು ಎರಡಕ್ಕೆ ಇಳಿಸಿಕೊಳ್ಳುವವರು, ಮೂರು ಗಂಟೆಗೇ ಎದ್ದುಬಿಡುವವರು ಕಡಿಮೆಯಲ್ಲ. ಖರ್ಚು, ಪ್ರಯಾಣ, ಕೂಲಿ ನಷ್ಟ ಇವು ಹುಸಿ ಕಾರಣಗಳಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಪ್ರಕಟಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡತನದ ರೇಖೆಗಿಂತ ಕೆಳಗಿರುವವರಿಗೆ ಉಚಿತ ಸೇವೆಯ ಏರ್ಪಾಡು ಮಾಡಿದ್ದರ ಹಿನ್ನೆಲೆಯೂ ಇದೇ. ಕಡಿತಗೊಂಡ ಒಂದೊಂದು ಗಂಟೆಯಲ್ಲಿಯೂ ಯೂರಿಯ ಮತ್ತಿತರ ವಿಷಗಳು ಉಳಿಯುತ್ತವೆ, ದುಬಾರಿ ಚುಚ್ಚುಮದ್ದಿನಿಂದ ಹುಟ್ಟಿದ ಹೊಸ ಕಣಗಳು ಆ ವಿಷದಲ್ಲಿಯೇ ಈಜಬೇಕಾಗುತ್ತದೆ.

ನೀರಿನ ವಿಷಯವಂತೂ ಇನ್ನೂ ಗಂಭೀರ. ನಾಲ್ಕು ಗಂಟೆಗಳ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಅದಕ್ಕೂ ರೋಗಿಯ ರಕ್ತಕ್ಕೂ ನಡುವೆ ಇರುವುದು ತೆಳು ಕೃತಕ ಪೊರೆ ಮಾತ್ರ. 1973ರಲ್ಲಿ ಅಮೆರಿಕದ ಮಿನ್ನೆಸೋಟಾದ ತಜ್ಞರು, ನಗರದ ಕುಡಿಯುವ ನೀರನ್ನು ಶುದ್ಧೀಕರಿಸಲು ಬಳಸುವ ಕ್ಲೋರಿನ್ ಮತ್ತು ಅಮೋನಿಯದಿಂದಾಗುವ ಕ್ಲೋರಮೈನ್, ಡಯಾಲಿಸಿಸ್ ರೋಗಿಗಳ ಕೆಂಪು ಕಣಗಳನ್ನು ಒಡೆಯುತ್ತಿದ್ದುದನ್ನು ತೋರಿಸಿಕೊಟ್ಟರು. ಕುಡಿದರೆ ನಿರುಪದ್ರವಿಯಾದ ನೀರು ರಕ್ತದ ಪಕ್ಕದಲ್ಲಿ ಹರಿದಾಗ ಉತ್ಕರ್ಷಕ ವಿಷವಾಯಿತು. ಕ್ಲೋರಮೈನನ್ನು ಹಿಮ್ಮುಖ ಪರಾಸರಣದ ಜಾಲರಿಯೊಂದೇ ಸರಿಯಾಗಿ ತಡೆಯಲಾರದು, ಅದಕ್ಕೆ ಮುಂಚೆ ಸಕ್ರಿಯ ಇದ್ದಿಲಿನ ಶೋಧಕ ಬೇಕು, ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದು. ಪ್ರತಿ ಸರದಿಗೆ ಮುನ್ನ ನೀರನ್ನು ಪರೀಕ್ಷಿಸಲಾಗಿದೆಯೇ ಎಂದು ರೋಗಿಯ ಮನೆಯವರು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಒಂದೇ ಕೇಂದ್ರದ ಹಲವು ರೋಗಿಗಳ ಹಿಮೋಗ್ಲೋಬಿನ್ ಏಕಕಾಲಕ್ಕೆ ಇಳಿದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನೇ.

ಉತ್ಕರ್ಷಣವೇ ದೋಷವಾದರೆ ವಿಟಮಿನ್ ಇ ಗುಳಿಗೆ ನುಂಗಿದರಾಯಿತು ಎಂದು ತೋರಬಹುದು. ವಿಷಯ ಅಷ್ಟು ಸರಳವಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ನಡೆದ ಕೆಲವು ಸಣ್ಣ ಪ್ರಯೋಗಗಳು ಆಶಾದಾಯಕವಾಗಿದ್ದುದು ನಿಜ. ಆದರೆ ಹೃದ್ರೋಗ ಮತ್ತು ಮಧುಮೇಹದ ಸಾವಿರಾರು ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದೀರ್ಘಕಾಲ ವಿಟಮಿನ್ ಇ ಸೇವಿಸಿದವರಿಗೆ ಲಾಭವಾಗಲಿಲ್ಲ, ಹೃದಯ ವೈಫಲ್ಯ ಹೆಚ್ಚಾಯಿತು. ಕಬ್ಬಿಣದ ಟಾನಿಕ್ ಕೂಡ ಹಾಗೆಯೇ. ಕಬ್ಬಿಣದ ಕೊರತೆಯಿದ್ದರೆ ಅದನ್ನು ತುಂಬಲೇಬೇಕು. ಮಿತಿಮೀರಿದ ಕಬ್ಬಿಣ ಅದೇ ಉತ್ಕರ್ಷಣದ ಬೆಂಕಿಗೆ ತುಪ್ಪವಾಗುತ್ತದೆ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಪರೀಕ್ಷೆಗಳಿರುವುದು ಇದನ್ನು ಅಳೆಯುವುದಕ್ಕಾಗಿ.

ಹಿಮೋಗ್ಲೋಬಿನನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸಬೇಕೆಂಬ ಹಟವೂ ಅಪಾಯಕಾರಿ. ಹಾರ್ಮೋನನ್ನು ಹೆಚ್ಚಿಸಿ 13.5 ಗ್ರಾಂ ಗುರಿಯಿಟ್ಟ ರೋಗಿಗಳು, 11.3 ಗ್ರಾಂ ಗುರಿಯಿದ್ದವರಿಗಿಂತ ಹೆಚ್ಚು ಹೃದಯ ತೊಂದರೆಗೂ ಸಾವಿಗೂ ತುತ್ತಾದುದು 2006ರಲ್ಲಿ ಬೆಳಕಿಗೆ ಬಂದಿತು. 2009ರ ಇನ್ನೊಂದು ಅಧ್ಯಯನದಲ್ಲಿ, ಹಾರ್ಮೋನಿನಿಂದ ಮಟ್ಟವನ್ನು ಏರಿಸಿಕೊಂಡವರಲ್ಲಿ ಪಾರ್ಶ್ವವಾಯು ಸುಮಾರು ಎರಡರಷ್ಟಾಯಿತು. ಇನ್ನು ರಕ್ತ ಏರಿಸಿಕೊಳ್ಳುವುದು ಸುಲಭ ದಾರಿಯೆನಿಸಿದರೂ, ಪರರ ರಕ್ತದಿಂದ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದೆ ಮೂತ್ರಪಿಂಡ ಕಸಿಗೆ ಹೊಂದುವ ದಾನಿ ದೊರೆಯುವುದು ಕಷ್ಟವಾಗಬಹುದು. ಪ್ರಾಣಾಪಾಯವಿದ್ದರೆ ಮಾತು ಬೇರೆ.

ಮಧುಮೇಹ ಇರುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮೂತ್ರಪಿಂಡ ಕೆಡಲು ಮಧುಮೇಹವೇ ಒಂದು ಪ್ರಮುಖ ಕಾರಣವಾದ್ದರಿಂದ ಇದು ಬಹು ಮಂದಿಗೆ ಸಂಬಂಧಿಸಿದ್ದು. ‘ಮೂರು ತಿಂಗಳ ಸಕ್ಕರೆ’ ಎಂದು ಹೆಸರಾದ ಎಚ್‌ಬಿಎ1ಸಿ ಪರೀಕ್ಷೆ, ಹಿಮೋಗ್ಲೋಬಿನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು ಅಳೆಯುತ್ತದೆ. ಕಣ 120 ದಿನ ಬಾಳುತ್ತದೆಂಬುದು ಅದರ ಹಿಂದಿರುವ ಊಹೆ. ಎರಡೇ ತಿಂಗಳಿಗೆ ಸಾಯುವ ಕಣಕ್ಕೆ ಅಂಟುವಷ್ಟು ಕಾಲ ಸಕ್ಕರೆಗೆ ಸಿಗುವುದಿಲ್ಲ. ಎರಿಥ್ರೊಪೊಯಿಟಿನ್ ಪಡೆಯುವವರಲ್ಲಿ ಎಳೆಯ ಕಣಗಳು ಹೆಚ್ಚಿರುವುದರಿಂದ ಅಂಕಿ ಮತ್ತಷ್ಟು ಇಳಿಯುತ್ತದೆ. ಕೆಲವು ಹಳೆಯ ಪರೀಕ್ಷಾ ವಿಧಾನಗಳಲ್ಲಿ ಕಾರ್ಬಮೈಲೀಕೃತ ಹಿಮೋಗ್ಲೋಬಿನನ್ನೂ ಸಕ್ಕರೆ ಅಂಟಿದ್ದೆಂದು ಎಣಿಸಿ ಅಂಕಿ ಏರುತ್ತಿದ್ದುದೂ ಉಂಟು. ಒಟ್ಟಿನಲ್ಲಿ, ಡಯಾಲಿಸಿಸ್ ರೋಗಿಯ ವರದಿಯಲ್ಲಿ 6 ಎಂದು ಕಂಡರೆ ಸಕ್ಕರೆ ಹತೋಟಿಯಲ್ಲಿದೆ ಎಂದು ಹಿಗ್ಗುವಂತಿಲ್ಲ. ಬೆರಳ ತುದಿಯ ರಕ್ತದಿಂದ ಆಗಾಗ ಮಾಡುವ ಗ್ಲೂಕೋಸ್ ಪರೀಕ್ಷೆಯ ದಾಖಲೆಯನ್ನು ಜೊತೆಗಿಟ್ಟು ನೋಡಬೇಕು.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಅನ್ವಯಿಸುವ ಒಂದು ಸಂಗತಿ ಉಳಿದಿದೆ. ಮುಂಬಯಿಯಿಂದಲೋ ಚೆನ್ನೈಯಿಂದಲೋ ಮದುವೆ, ಜಾತ್ರೆ, ತಿಥಿಗಳಿಗೆಂದು ಊರಿಗೆ ಹೊರಟ ರೋಗಿ ‘ಎರಡು ಸರದಿ ತಪ್ಪಿದರೇನಾಯಿತು’ ಎಂದುಕೊಳ್ಳುವುದುಂಟು. ನೀರು ಮತ್ತು ಪೊಟ್ಯಾಸಿಯಂ ಶೇಖರವಾಗಿ ಜೀವಕ್ಕೇ ಅಪಾಯ ಒದಗಬಹುದು ಎಂಬುದು ಎಲ್ಲಕ್ಕಿಂತ ದೊಡ್ಡ ಮಾತು. ರಕ್ತಕಣಗಳ ನಷ್ಟ ಅದರ ಹಿಂದೆಯೇ ಬರುತ್ತದೆ. ಹೊರಡುವ ಎರಡು ಮೂರು ವಾರ ಮೊದಲೇ ಊರಿಗೆ ಹತ್ತಿರದ ಜಿಲ್ಲಾ ಆಸ್ಪತ್ರೆ ಅಥವಾ ಬೇರೆ ಕೇಂದ್ರವನ್ನು ವಿಚಾರಿಸಿ ಸರದಿ ಗೊತ್ತುಮಾಡಿಕೊಳ್ಳಬೇಕು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ಇತ್ತೀಚಿನ ವರದಿ ಇಲ್ಲದೆ ಹೊಸ ಕೇಂದ್ರಗಳು ಸಾಮಾನ್ಯವಾಗಿ ರೋಗಿಯನ್ನು ಯಂತ್ರಕ್ಕೆ ಜೋಡಿಸುವುದಿಲ್ಲ. ಆ ವರದಿ, ಹಿಂದಿನ ಡಯಾಲಿಸಿಸ್‌ಗಳ ವಿವರವುಳ್ಳ ಪತ್ರ, ಒಣ ತೂಕದ ದಾಖಲೆ, ಹಾರ್ಮೋನ್ ಚುಚ್ಚುಮದ್ದಿನ ಹೆಸರು ಮತ್ತು ಪ್ರಮಾಣ ಇವಿಷ್ಟು ಕೈಚೀಲದಲ್ಲಿರಬೇಕು. ಚುಚ್ಚುಮದ್ದನ್ನು ಜೊತೆಗೇ ಒಯ್ಯುವುದಾದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಒಯ್ಯಬೇಕು. ಹೆಪ್ಪುಗಟ್ಟಿದ ಮದ್ದನ್ನು ಕರಗಿಸಿ ಬಳಸುವಂತಿಲ್ಲ.